ಪುಣೆಯ ವಾಡೆ, ನಮ್ಮ ಮಾಳಿಗೆ

ಪುಣೆಯ ಹಳೆಯ ಪೇಠಗಳಲ್ಲಿ ಇನ್ನೂ ಉಳಿದುಕೊಂಡಿರುವ ವಾಡೆಯೊಂದರೊಳಗೆ ಕನ್ನಡಿಗನು ಕಾಲಿಟ್ಟನೆಂದರೆ, ಬಹುಮಟ್ಟಿಗೆ ಅವನ ತಲೆಯ ಮೇಲೆ ಮಂಗಳೂರು, ಕಾಲಡಿಯಲ್ಲಿ ಕಲಬುರ್ಗಿ ಇರುತ್ತವೆ. ಮಾಡಿಗೆ ಹೊದಿಸಿದ ಕೆಂಪು ಹಂಚನ್ನು ಇಲ್ಲಿಯ ಜನ 'ಮಂಗಲೋರಿ ಕೌಲ' ಎಂದೇ ಕರೆಯುತ್ತಾರೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರ ಜೆಪ್ಪುವಿನಲ್ಲಿ ಹಂಚಿನ ಕಾರಖಾನೆಯನ್ನು ತೆರೆದರು. ಅಲ್ಲಿಂದ ಹೊರಟ ಆ ಹಂಚು ಪಶ್ಚಿಮ ಕರಾವಳಿಯನ್ನೆಲ್ಲ ಹಿಡಿದು ಘಟ್ಟವನ್ನೂ ಹತ್ತಿ ಬಂದಿತು. ನೆಲಕ್ಕೆ ಹಾಸಿದ ಬೂದುಬಣ್ಣದ ಕಲ್ಲಿಗೆ ಇಲ್ಲಿ 'ಶಹಾಬಾದೀ ಫರಶಿ' ಎಂದು ಹೆಸರು. ಅದು ನಮ್ಮ ಕಲಬುರ್ಗಿ ಜಿಲ್ಲೆಯ ಶಹಾಬಾದದ ಗಣಿಗಳದ್ದು. 1871ರಲ್ಲಿ ರೈಲುದಾರಿ ಸೊಲ್ಲಾಪುರವನ್ನು ದಾಟಿ ರಾಯಚೂರನ್ನು ಮುಟ್ಟಿದ ಮೇಲೆ ಈ ಕಲ್ಲು ಪುಣೆಗೆ ಬರುವುದು ಸುಲಭವಾಯಿತು.

ರಾಜ್ಯೋತ್ಸವದ ಸಂಚಿಕೆಯೆಂದರೆ, ಆಲೂರ ವೆಂಕಟರಾಯರು ಇದೇ ಊರಿನ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರೆಂದೂ, ಬೇಂದ್ರೆಯವರು 1918ರಲ್ಲಿ ಅಲ್ಲಿಯೇ ಬಿ.ಎ. ಮುಗಿಸಿದರೆಂದೂ ವರುಷ ವರುಷವೂ ಬರೆಯುವುದು ರೂಢಿ. ಅದು ತಪ್ಪಲ್ಲ. ಆದರೆ ಈ ಸಾರೆ ಹಂಚು, ಕಲ್ಲು, ಮಣ್ಣುಗಳ ಚರಿತ್ರೆಯನ್ನು ಹೇಳಲು ಹೊರಟಿದ್ದೇವೆ. ಅದಕ್ಕೆ ಕಾರಣವುಂಟು. ನಮ್ಮಲ್ಲಿ ಅನೇಕ ಕುಟುಂಬಗಳಿಗೆ ಈಗ ಒಂದೇ ಪ್ರಶ್ನೆ ಎದುರಾಗಿದೆ. ಇಲ್ಲಿ ಪೇಠದಲ್ಲಿ ಇರುವ ಹಳೆಯ ಮನೆ, ಇಲ್ಲವೆ ವಿಜಾಪುರ, ಬಾಗಲಕೋಟೆ, ಗದಗಿನ ಕಡೆ ಬೀಗ ಹಾಕಿ ನಿಂತಿರುವ ಹಿರಿಯರ ಮನೆ. ಇದನ್ನು ಕೆಡವಬೇಕೇ, ಮಾರಬೇಕೇ, ತಿದ್ದಿಕೊಂಡು ಇರಬೇಕೇ? ತಿದ್ದುವುದಾದರೆ, ಬೇಸಿಗೆಯಲ್ಲಿ ವಿದ್ಯುತ್ತಿನ ಬಿಲ್ಲಿಗೆ ಹೆದರದೆ ಬಾಳುವಂತೆ ಅದನ್ನು ಬುಡದಿಂದ ತಿದ್ದುವುದು ಹೇಗೆ? ಈ ಪ್ರಶ್ನೆಗೆ ಎಂಜಿನಿಯರರು ಉತ್ತರ ಕೊಡುತ್ತಾರೆ. ನಾವು ಹೇಳುವುದಿಷ್ಟೆ: ಆ ಮನೆಯನ್ನು ಕಟ್ಟಿದವರು ಸೆಕೆ, ಬೆಳಕು, ಗಾಳಿ, ನೀರುಗಳ ಲೆಕ್ಕವನ್ನು ಮೊದಲೇ ಬರೆದಿಟ್ಟು ಹೋಗಿದ್ದಾರೆ. ಹಳೆಯ ಕೀರ್ದಿಯನ್ನು ಓದದೆ ಹೊಸದನ್ನು ತೆರೆದರೆ ಬಾಕಿ ತಾಳೆಯಾಗುವುದಿಲ್ಲ.

ಮೊದಲು ವಾಡೆಯನ್ನು ನೋಡೋಣ. ಒಂದನೆಯ ಬಾಜೀರಾಯನು 1730ರ ಜನವರಿಯಲ್ಲಿ ಶನಿವಾರ ವಾಡೆಗೆ ಅಡಿಗಲ್ಲು ಹಾಕಿ, 1732ರ ಜನವರಿಯಲ್ಲಿ ಗೃಹಪ್ರವೇಶ ಮಾಡಿದನು. ತಳದ ಅಂತಸ್ತು ಕಲ್ಲಿನದು, ಮೇಲಿನವು ಇಟ್ಟಿಗೆಯವು. ಕಲ್ಲಿನ ಕೋಟೆ ಅರಸನಿಗೆ ಮಾತ್ರ ಸಲ್ಲುವುದೆಂದು ಸಾತಾರದಿಂದ ಆಕ್ಷೇಪ ಬಂದುದರಿಂದ ಹೀಗಾಯಿತೆಂದು ಹೇಳುವುದುಂಟು. 1828ರ ಬೆಂಕಿಯಲ್ಲಿ ಒಳಗಿನ ಮರಮಟ್ಟೆಲ್ಲ ಉರಿದುಹೋಗಿ ಈಗ ಕೋಟೆಗೋಡೆ, ದರವಾಜೆ, ಅಡಿಪಾಯಗಳಷ್ಟೇ ಉಳಿದಿವೆ. ವಾಡೆಯ ಒಳರಚನೆಯನ್ನು ಕಣ್ಣಾರೆ ನೋಡಬೇಕಾದರೆ ಎರಡನೆಯ ಬಾಜೀರಾಯನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ವಿಶ್ರಾಮಬಾಗ ವಾಡೆಗೆ ಹೋಗಬೇಕು. ಅಲ್ಲಿ 1821ರಲ್ಲಿ ಸಂಸ್ಕೃತ ಪಾಠಶಾಲೆ ನಡೆಯಿತು. 1879ರಲ್ಲಿ ಬೆಂಕಿ ಬಿದ್ದಿತು. ಮುಂದೆ ನಗರಸಭೆಯ ಕಚೇರಿ ಬಂದಿತು. ಈ ಶತಮಾನದಲ್ಲಿ ಮಹಾನಗರಪಾಲಿಕೆಯವರು ಅದರ ಜೀರ್ಣೋದ್ಧಾರಕ್ಕೆ ಕೈಹಾಕಿದರು. ಇಷ್ಟು ಕೈ ಬದಲಾದರೂ ಅದರ ಚೌಕದಲ್ಲಿ ನಿಂತರೆ ಲಕ್ಷ್ಮೀ ರಸ್ತೆಯ ಗದ್ದಲದ ಪಕ್ಕದಲ್ಲಿಯೇ ಇದ್ದೇವೆಂಬುದು ಮರೆತುಹೋಗುತ್ತದೆ.

ಸರದಾರರ ವಾಡೆಯಾಗಲಿ, ಸಾಹುಕಾರರ ವಾಡೆಯಾಗಲಿ, ಕಟ್ಟುವ ಕ್ರಮ ಹೆಚ್ಚುಕಡಿಮೆ ಒಂದೇ. ಕರಿಕಲ್ಲಿನ ಎತ್ತರದ ನೆಲಗಟ್ಟು. ಅದರ ಮೇಲೆ ಸಾಗವಾನಿಯ ಕಂಬ, ತೊಲೆ, ಜಂತಿ. ಕಂಬಗಳ ನಡುವೆ ತೆಳು ಇಟ್ಟಿಗೆ ಹಾಗೂ ಮಣ್ಣು ಅಥವಾ ಗಾರೆಯಿಂದ ಎದ್ದ ಎರಡಡಿ, ಕೆಲವೆಡೆ ಮೂರಡಿ ದಪ್ಪದ ಗೋಡೆ. ನಡುವೆ ಆಕಾಶಕ್ಕೆ ತೆರೆದ ಚೌಕ. ಚೌಕದ ಸುತ್ತ ಪಡಸಾಲೆ. ಮೇಲೆ ಮಾಡಿ, ಅದರ ಮೇಲೆ ಅಟ್ಟ, ಕೊನೆಗೆ ಹಂಚು. ಬೀದಿಯ ಕಡೆಗೆ ಕಿಟಕಿ ಕಡಿಮೆ, ಚೌಕದ ಕಡೆಗೆ ತೆರಪು ಹೆಚ್ಚು.

ಇದರ ಗುಟ್ಟು ಪುಣೆಯ ಹವೆಯಲ್ಲಿದೆ. ಏಪ್ರಿಲ್ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನ 38 ಡಿಗ್ರಿಯ ಆಸುಪಾಸಿಗೆ ಏರಿದ ಕಾವು ನಸುಕಿನ ಹೊತ್ತಿಗೆ 20-22ಕ್ಕೆ ಇಳಿಯುತ್ತದೆ. ಹಗಲಿಗೂ ಇರುಳಿಗೂ ಹದಿನೈದು ಡಿಗ್ರಿಗಳ ಅಂತರ! ಮುಂಬಯಿಗೆ ಈ ಭಾಗ್ಯವಿಲ್ಲ. ದಪ್ಪ ಗೋಡೆ ಹಗಲಿನ ಕಾವನ್ನು ಒಮ್ಮೆಲೇ ಒಳಗೆ ಬಿಡುವುದಿಲ್ಲ. ತಾನು ಕಾಯುತ್ತ ಕಾಯುತ್ತ ಸಂಜೆ ಮಾಡುತ್ತದೆ. ರಾತ್ರಿ ಚೌಕದ ಗಾಳಿ ತಣ್ಣಗಾಗಿ ಕೆಳಗಿಳಿಯುತ್ತದೆ, ಬಾಗಿಲು ಕಿಟಕಿ ತೆರೆದಿಟ್ಟರೆ ಗೋಡೆಯ ಕಾವನ್ನು ಹೊತ್ತುಕೊಂಡು ಮೇಲೆದ್ದು ಹೋಗುತ್ತದೆ. ಬೆಳಿಗ್ಗೆ ತಣಿದ ಗೋಡೆ ಮತ್ತೆ ಹಗಲನ್ನು ಎದುರಿಸಲು ಸಿದ್ಧ. ಹಗಲು ಮುಚ್ಚು, ಇರುಳು ತೆರೆ ಎಂಬುದೇ ವಾಡೆಯ ಕಾಯಿದೆ. ಅಟ್ಟದ ಉಪಯೋಗ ಹಳೆಯ ಪಾತ್ರೆ, ಉಪ್ಪಿನಕಾಯಿಯ ಭರಣಿ ಇಡಲು ಮಾತ್ರವೆಂದು ತಿಳಿಯಬಾರದು. ಹಂಚಿನ ಕಾವು ಅಲ್ಲಿಯೇ ತಡೆದು, ಹಂಚಿನ ಸಂದುಗಳಿಂದ ಹೊರಬೀಳುತ್ತಿತ್ತು.

ಇದಕ್ಕೆ ನೀರಿನ ತಂಪು ಸೇರಿತು. ನಾನಾಸಾಹೇಬ ಪೇಶವೆಯ ಕಾಲದಲ್ಲಿ, ಹದಿನೆಂಟನೆಯ ಶತಮಾನದ ನಡುವೆ, ಕಾತ್ರಜದ ಕೆರೆಯಿಂದ ನೆಲದೊಳಗಿನ ಕಟ್ಟುಗಾಲುವೆಯಲ್ಲಿ ಊರ ಹೌದಗಳಿಗೆ ನೀರು ಬಂದಿತು. ಪಂಪು ಇಲ್ಲ, ಎತ್ತು ಇಲ್ಲ, ಇಳಿಜಾರೇ ಎಲ್ಲ. ದಾರಿಯಲ್ಲಿ ಗಾಳಿಯ ಒತ್ತಡ ಬಿಡಲು ಕಟ್ಟಿದ ಗೋಪುರಗಳಿಗೆ ಇಲ್ಲಿಯವರು 'ಉಚ್ಛ್ವಾಸ' ಎಂಬ ಸುಂದರವಾದ ಹೆಸರಿಟ್ಟರು. ಇದಕ್ಕಿಂತ ಮೊದಲೇ ಆದಿಲಶಾಹಿಯವರು ತೊರವೆಯಿಂದಲೂ, 1651ರ ಬೇಗಂ ತಲಾಬದಿಂದಲೂ ವಿಜಾಪುರಕ್ಕೆ ನೀರು ತಂದಿದ್ದರು. ಅಂಥವೇ ಗೋಪುರಗಳು ಅಲ್ಲಿ 'ಗಂಜ್' ಎನಿಸಿಕೊಂಡಿವೆ. ಶನಿವಾರ ವಾಡೆಯ ಹಜಾರಿ ಕಾರಂಜಿ ಮಕ್ಕಳ ವಿನೋದಕ್ಕೆಂದು ಆಗಿರಬಹುದು, ಆದರೆ ಹಾರುವ ಹನಿ ಗಾಳಿಯ ಕಾವನ್ನು ಹೀರುತ್ತದೆಂಬುದು ಇಲ್ಲಿ ಯಾರಿಗೂ ಹೊಸ ಮಾತಾಗಿರಲಿಲ್ಲ. ಹೇಳಬೇಕೆಂದರೆ ಆ ಮಾತೂ ಎರಡು ನುಡಿಗಳದು: ನಮ್ಮ ಕಾರಂಜಿ ಅವರ ಕಾರಂಜೆ, ನಮ್ಮ ತೊಲೆ ಅವರ ತುಳಈ, ನಮ್ಮ ಕಟ್ಟೆ ಅವರ ಕಟ್ಟಾ, ನಮ್ಮ ಗಚ್ಚು ಅವರ ಗಚ್ಚಿ. ಯಾವುದು ಯಾರಿಂದ ಯಾರಿಗೆ ಹೋಯಿತೆಂಬ ಜಗಳವನ್ನು ಪಂಡಿತರಿಗೆ ಬಿಡೋಣ.

ನಮ್ಮ ಬಯಲುಸೀಮೆಯ ಮನೆಯ ಲೆಕ್ಕ ಇನ್ನೊಂದು ಬಗೆಯದು. ಅಲ್ಲಿ ಮಳೆ ಕಡಿಮೆ, ಬಿಸಿಲು ಬಿರುಸು, ಧೂಳು ವಿಪರೀತ. ಆದುದರಿಂದ ಹಂಚಿನ ಇಳಿಜಾರು ಬೇಕಾಗಲಿಲ್ಲ; ಮಣ್ಣಿನ ಸಮತಟ್ಟು ಮಾಳಿಗೆಯೇ ಸಾಕು. ಕಂಬ, ತೊಲೆ, ಜಂತಿ, ಜಂತಿಗಳ ಮೇಲೆ ಕಟ್ಟಿಗೆಯ ತುಂಡು, ಅದರ ಮೇಲೆ ಸೊಪ್ಪು, ಅದರ ಮೇಲೆ ಅಡಿಗಟ್ಟಲೆ ಮಣ್ಣು. ಕೊನೆಯ ಪದರಿಗೆ ಕರಲು ಮಣ್ಣು. ಅದು ನೀರು ತಗಲಿದೊಡನೆ ಬಿಗಿದುಕೊಂಡು ಮುಂದಿನ ಹನಿಯನ್ನು ಕೆಳಗೆ ಬಿಡುವುದಿಲ್ಲ. ಕಿಟಕಿಯ ಬದಲು ಮಾಳಿಗೆಯಲ್ಲಿ ಬೆಳಕಿಂಡಿ. ಒಂದು ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು ನೆಲದ ಮೇಲೆ ಸರಿಯುವುದನ್ನು ನೋಡಿ ಹೊತ್ತು ಹೇಳುತ್ತಿದ್ದ ಅಜ್ಜಂದಿರು ನಮ್ಮ ವಾಚಕರಲ್ಲಿ ಹಲವರಿಗೆ ಇದ್ದಿರಬೇಕು. ಹೊರಗೆ ಬೆಂಕಿ ಸುರಿಯುತ್ತಿದ್ದರೂ ಒಳಗೆ ನಡುಮನೆಯಲ್ಲಿ ಚಾಪೆ ಹಾಸಿ ನಿದ್ದೆ ಮಾಡುವಷ್ಟು ತಂಪು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಾತನ್ನು ಮುಚ್ಚಿಡುವುದು ಅನ್ಯಾಯವಾದೀತು. ಈ ತಂಪು ಯಾರ ಬೆವರಿನದು? ಗಾಳಿ ಬೆಳಕಿಲ್ಲದ ಅಡಿಗೆಮನೆಯಲ್ಲಿ ಹಸಿ ಕಟ್ಟಿಗೆಯ ಹೊಗೆ ಕುಡಿದವರು ನಮ್ಮ ಅಜ್ಜಿ, ತಾಯಂದಿರು. ನೆಲ ಸಾರಿಸಿದವರು, ಬಾವಿಯಿಂದ ನೀರು ಸೇದಿದವರು, ಬಚ್ಚಲ ಹಂಡೆಗೆ ಉರಿ ಹಾಕಿದವರು ಅವರೇ. ವಾಡೆಯ ವಿದ್ಯುತ್ ಖರ್ಚು ಸೊನ್ನೆಯಾಗಿತ್ತೆಂದು ಹೆಮ್ಮೆಪಡುವವರು, ಆ ಸೊನ್ನೆಯ ಹಿಂದೆ ಹೆಂಗಸರ ದುಡಿಮೆ ಜಮೆಯಾಗಿದ್ದುದನ್ನು ಬರೆಯಲು ಮರೆಯುತ್ತಾರೆ. ಮೂರಡಿ ಗೋಡೆಯ ವಾಡೆ ಎಲ್ಲರಿಗೂ ಇರಲಿಲ್ಲ. ಅದರ ಹಿಂದಿನ ಬೋಳುಗಳಲ್ಲಿ ಒಂದೇ ಕೋಣೆಯಲ್ಲಿ ಬೆಂದವರೇ ಹೆಚ್ಚು. ಬೆಂಗಳೂರ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರವನ್ನು ಆರಂಭಿಸಿದಾಗ, ಅಲ್ಲಿಂದ ಮುಂದೆ ಬಂದ ಹೆಸರಾದ ವಸ್ತುಗಳಲ್ಲಿ ಒಂದು ಒಲೆ. ಕಡಿಮೆ ಕಟ್ಟಿಗೆಯಲ್ಲಿ ಉರಿದು, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆ. ಅದೇ ಕೇಂದ್ರದಲ್ಲಿ ಕೆ. ಎಸ್. ಜಗದೀಶರು ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಗಳ ಮೇಲೆ ಕೆಲಸ ಮಾಡಿದರು. ಹಳೆಯದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಕಾಣದು.

ಇಂಥ ವಾಡೆಗಳು ಕೆಟ್ಟದ್ದು ಹೇಗೆ? ಸಿಮೆಂಟು ಬಂದು ಕೆಡಿಸಿತೆಂದು ಒಂದೇ ಮಾತಿನಲ್ಲಿ ಹೇಳುವುದುಂಟು. ಅದು ಅರ್ಧ ಸತ್ಯ. ಅದಕ್ಕೂ ಮೊದಲು ಕಾಗದ ಬಂದಿತ್ತು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯು 1940ರ ಸೆಪ್ಟೆಂಬರ್ 1ನೆಯ ತಾರೀಖಿನ ಬಾಡಿಗೆಯನ್ನೇ ಅಳತೆಯೆಂದು ಹಿಡಿಯಿತು. ಯುದ್ಧಕಾಲದ ಬಡ ಬಿಡಾರಸ್ಥರಿಗೆ ಅದು ವರವಾಯಿತು. ಊರಿಂದ ಬಂದ ನಮ್ಮವರೂ ಎಷ್ಟೋ ಜನ ಅದರ ನೆಳಲಲ್ಲಿಯೇ ಬದುಕು ಕಟ್ಟಿಕೊಂಡರು. ಆದರೆ ತಿಂಗಳಿಗೆ ಹತ್ತಾರು ರೂಪಾಯಿ ಬಾಡಿಗೆ ಬರುವ ಮನೆಗೆ ಹಂಚು ತಿರುಗಿಸಲು ಯಜಮಾನನು ಸಾವಿರಾರು ಸುರಿಯುವನೇ? ಒಡೆಯನು ದುರಸ್ತಿ ಮಾಡಲಿಲ್ಲ, ಬಿಡಾರದವನು ತನ್ನದಲ್ಲವೆಂದು ಮಾಡಲಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಬಾಡಿಗೆ ಏರಿಸಲು ಅವಕಾಶ ಕೊಡುವ ಹೊತ್ತಿಗೆ ಅರ್ಧ ಶತಮಾನದ ಸೋರಿಕೆ ತೊಲೆಗಳನ್ನು ತಿಂದಿತ್ತು.

ನಡುವೆ 1961ರ ಜುಲೈ 12 ಬಂದಿತು. ಪಾನಶೇತದ ಹೊಸ ಅಣೆಕಟ್ಟು ಆ ಮುಂಜಾನೆ ಒಡೆದು, ಖಡಕವಾಸಲೆಯ ಕಟ್ಟನ್ನೂ ಮುರಿದುಕೊಂಡು, ಮುಠಾ ನದಿ ಪೇಠಗಳಿಗೆ ನುಗ್ಗಿತು. ಶನಿವಾರ, ನಾರಾಯಣ, ಕಸಬಾ ಪೇಠಗಳ ನದಿಯ ಮಗ್ಗುಲಿನ ಬೀದಿಗಳಲ್ಲಿ ನಿಂತ ನೀರಿಗೆ ಮಣ್ಣುಗಾರೆಯ ಗೋಡೆಗಳು ಕರಗಿ ಕುಸಿದವು. ಮಣ್ಣಿನ ಗುಣಗಾನ ಮಾಡುವವರು ಈ ದಿನವನ್ನು ಮರೆಯಬಾರದು: ನೀರು ನಿಲ್ಲುವಲ್ಲಿ ಮಣ್ಣು ನಿಲ್ಲದು. ಮನೆ ಕಳೆದುಕೊಂಡವರಿಗಾಗಿ ಊರ ಹೊರಗೆ ಹೊಸ ಬಡಾವಣೆಗಳು ಎದ್ದವು, ಹಳೆಯ ಜಾಗಗಳಲ್ಲಿ ಕಾಂಕ್ರೀಟಿನ ಮನೆಗಳು ಬಂದವು. ಹೆದರಿದ ಜನ ಕಾಂಕ್ರೀಟನ್ನು ನಂಬಿದ್ದರಲ್ಲಿ ಆಶ್ಚರ್ಯವೇನು? ಆದರೆ ಪ್ರವಾಹ ಕಲಿಸಿದ್ದು ನದಿಯ ದಂಡೆಯ ಪಾಠ. ಅದನ್ನು ಗುಡ್ಡದ ಮೇಲಿನವರೂ ಕಲಿತರು. ನೂರಾರು ಮೈಲಿ ದೂರದ ಇಂಡಿ, ಸಿಂದಗಿ, ಮುದ್ದೇಬಿಹಾಳಗಳಲ್ಲಿ ಮಳೆಗಾಗಿ ಬಾಯಿಬಿಡುವವರೂ ಕಾಲಕ್ರಮದಲ್ಲಿ ಮಾಳಿಗೆ ಇಳಿಸಿ ಸ್ಲ್ಯಾಬು ಹಾಕಿದರು. ಕರಲು ಹಾಕುವ ಆಳು ಸಿಗುವುದಿಲ್ಲ, ಹಾವು ಚೇಳಿನ ಭಯ, ಮಗಳ ಮದುವೆಗೆ 'ಆರ್‌ಸಿಸಿ ಮನೆ' ಎಂಬ ಮರ್ಯಾದೆ; ಕಾರಣಗಳು ಸುಳ್ಳಲ್ಲ. ಸ್ಲ್ಯಾಬು ಹಾಕಿದ ಮೊದಲ ಬೇಸಿಗೆಗೆ ಫ್ಯಾನು ಬಂದಿತು, ಮೂರನೆಯದಕ್ಕೆ ಕೂಲರು, ಈಗ ಎಸಿ.

ಹೊರಗಿನ ಜಗತ್ತಿಗೂ ಒಂದು ಪೆಟ್ಟು ಬಿದ್ದೇ ಬುದ್ಧಿ ಬಂದಿತು. 1973ರಲ್ಲಿ ಅರಬ ದೇಶಗಳು ಎಣ್ಣೆಯನ್ನು ತಡೆದಾಗ ಚಳಿನಾಡುಗಳು ಮನೆ ಕಾಯಿಸುವ ಖರ್ಚಿಗೆ ಹೆದರಿದವು. ಜರ್ಮನಿಯ ಡಾರ್ಮ್‌ಸ್ಟಾಟ್ ಊರಿನಲ್ಲಿ 1991ರಲ್ಲಿ ನಾಲ್ಕು ಮನೆಗಳ ಒಂದು ಸಾಲು ಒಕ್ಕಲಿಗೆ ಸಿದ್ಧವಾಯಿತು. ದಪ್ಪ ಹೊದಿಕೆ, ಮೂರು ಪದರಿನ ಗಾಜು, ಸಂದಿಲ್ಲದ ಬಾಗಿಲು. ಒಳಗಿನ ಜನರ ಮೈಶಾಖ, ದೀಪದ ಶಾಖಗಳೇ ಬಹುಪಾಲು ಸಾಕಾಗುವ ಮನೆ. ವುಲ್ಫ್‌ಗಾಂಗ್ ಫೈಸ್ಟ್ ಎಂಬ ವಿಜ್ಞಾನಿಯ ಈ ಪ್ರಯೋಗದಿಂದ ಹೊಸ ಮನೆಗಳಿಗೂ, ಕ್ರಮೇಣ ಹಳೆಯ ಮನೆಗಳ ದುರಸ್ತಿಗೂ ಅಳತೆಗೋಲುಗಳು ಹುಟ್ಟಿದವು. ಬಹಳ ದೊಡ್ಡ ಕೆಲಸ. ಆದರೆ ಅವರು ಶಾಖವನ್ನು ಹಿಡಿದಿಡಲು ಮನೆ ಮುಚ್ಚಿದರು; ನಮಗೆ ಬೇಕಾದದ್ದು ಹಗಲಿನ ಶಾಖ ಬಾರದಂತೆ ತಡೆದು, ಇರುಳಿನ ಗಾಳಿಗೆ ಬಾಗಿಲು ತೆರೆಯುವುದು. ಅವರ ತತ್ತ್ವವನ್ನು ತರಬಹುದು, ಅವರ ಕಿಟಕಿಯನ್ನು ಹಾಗೆಯೇ ತರಲಾಗದು. ನಮ್ಮ ಸರಕಾರವು 2018ರ ಡಿಸೆಂಬರಿನಲ್ಲಿ 'ಇಕೋ ನಿವಾಸ ಸಂಹಿತೆ' ಎಂಬ ನಿಯಮಾವಳಿಯನ್ನು ಹೊರಡಿಸಿತು. ಅದು ಹೊಸ ಮನೆಗಳಿಗಾಗಿ ಇದ್ದರೂ ಹಳೆಯ ಮನೆಯನ್ನು ಅಳೆಯಲು ಅಡ್ಡಿಯಿಲ್ಲ. ಅದರ ಪ್ರಕಾರ ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿರುವಾಗ, ಮಾಳಿಗೆಯ ಒಂದು ಚದರ ಮೀಟರಿನಿಂದ 1.2 ವಾಟಿಗಿಂತ ಹೆಚ್ಚು ಶಾಖ ಇಳಿಯಬಾರದು. ಬರಿಯ ನಾಲ್ಕಂಗುಲದ ಸ್ಲ್ಯಾಬಿನಲ್ಲಿ ಇದರ ಮೂರು ಪಟ್ಟು ಇಳಿಯುತ್ತದೆ.

ಗುಮಾಸ್ತರ ಕೈಗೆ ಅಂಕಿ ಸಿಕ್ಕರೆ ಸುಮ್ಮನಿರುವುದಿಲ್ಲ. ಸಾವಿರ ಚದರಡಿಯ ಸ್ಲ್ಯಾಬು ಎಂದರೆ ಸುಮಾರು 93 ಚದರ ಮೀಟರು. ವೈಶಾಖದ ಮಧ್ಯಾಹ್ನ ಕಾದ ಮೇಲ್ಮೈಗೂ ಒಳಗಾಳಿಗೂ 20 ಡಿಗ್ರಿ ಅಂತರವೆಂದು ಹಿಡಿಯಿರಿ. ಬರಿಯ ಸ್ಲ್ಯಾಬಿನಿಂದ ಇಳಿಯುವ ಶಾಖ ಸ್ಥೂಲವಾಗಿ 6,700 ವಾಟು. ಎಸಿಯ ಒಂದು ಟನ್ನು ಎಂದರೆ ಒಂದು ಟನ್ನು ಹಿಮ ಇಪ್ಪತ್ತನಾಲ್ಕು ತಾಸಿನಲ್ಲಿ ಕರಗುವಾಗ ಹೀರುವ ಶಾಖ, ಸುಮಾರು 3,500 ವಾಟು. ಒಂದೂವರೆ ಟನ್ನಿನ ಯಂತ್ರ ಎತ್ತಿಹಾಕುವುದು 5,250. ಅಂದರೆ ಯಂತ್ರವು ಎತ್ತಿಹಾಕುವುದಕ್ಕಿಂತ ಹೆಚ್ಚನ್ನು ಮಾಳಿಗೆಯೊಂದೇ ಒಳಗೆ ಸುರಿಯುತ್ತಿದೆ! ಸಂಹಿತೆಯ ಮಟ್ಟಕ್ಕೆ ಮಾಳಿಗೆಯನ್ನು ತಂದರೆ ಅದೇ ಹೊರೆ 2,200ರ ಸುಮಾರಿಗೆ ಇಳಿಯುತ್ತದೆ. ತೂತು ಬಿದ್ದ ಕೊಡವನ್ನು ತುಂಬಲು ದೊಡ್ಡ ಪಂಪು ಕೊಳ್ಳುವವರಿದ್ದಾರೆ. ನಾವು ಮೊದಲು ತೂತು ಮುಚ್ಚಿರೆನ್ನುತ್ತೇವೆ.

ಆದುದರಿಂದ ಮೊದಲ ರೂಪಾಯಿ ಮಾಳಿಗೆಗೆ ಹೋಗಬೇಕು. ಹಂಚಿನ ಮಾಡಾದರೆ ಒಡೆದ ಹಂಚು ಬದಲಿಸಿ, ಅಟ್ಟವನ್ನು ಉಳಿಸಿ, ಅಟ್ಟದ ಹಲಗೆಯ ಮೇಲೆ ಶಾಖ ತಡೆಯುವ ಹೊದಿಕೆ ಹಾಸಬೇಕು. ಆದರೆ ಹಂಚಿನ ಕೆಳಗಿನ ಗಾಳಿ ಆಡುವ ತೆರಪನ್ನು ಮುಚ್ಚಬಾರದು. ಸ್ಲ್ಯಾಬಾದರೆ ಶಾಖ ತಡೆಯುವ ಪದರು, ಅದರ ಮೇಲೆ ಪುಣೆಯ ಗೌಂಡಿಗಳಿಗೆ ಕೈಬಂದ ಬ್ರಿಕ್‌ಬ್ಯಾಟ್ ಕೋಬಾ, ಎಲ್ಲಕ್ಕೂ ಮೇಲೆ ಬಿಳಿಯ ಚೀನೀ ಚೂರಿನ ಹಾಸು ಇಲ್ಲವೆ ಸುಣ್ಣ. ಆಮೇಲೆ ಪಡುವಣ ಗೋಡೆ ಮತ್ತು ಕಿಟಕಿಗೆ ನೆಳಲು: ಛಜ್ಜ, ಬಿದಿರ ತಟ್ಟಿ, ಬಳ್ಳಿ, ಯಾವುದಾದರೂ ಸರಿ, ಆದರೆ ಗಾಜಿನ ಹೊರಗೆ ಇರಬೇಕು. ಒಳಗೆ ಪರದೆ ಹಾಕುವುದೆಂದರೆ ಕಳ್ಳನನ್ನು ಮನೆಯೊಳಗೆ ಬಿಟ್ಟು ಕೋಣೆಯ ಬಾಗಿಲು ಹಾಕಿದಂತೆ. ಫ್ಯಾನು ದೀಪಗಳ ಲೆಕ್ಕ ಸುಲಭ. 75 ವಾಟಿನ ಹಳೆಯ ಫ್ಯಾನು ದಿನಕ್ಕೆ ಹತ್ತು ತಾಸು ತಿರುಗಿದರೆ ವರ್ಷಕ್ಕೆ 274 ಯುನಿಟ್ಟು. 30 ವಾಟಿನ ಹೊಸದು 110. ಸೂರ್ಯಫಲಕಗಳನ್ನು ಕೊನೆಗೆ ಇಡಬೇಕೆಂಬುದು ನಮ್ಮ ಅಭಿಪ್ರಾಯ. ಕೇಂದ್ರ ಸರಕಾರವು 2024ರಲ್ಲಿ ಆರಂಭಿಸಿದ ಸೂರ್ಯಘರ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿಟ್ಟಿದ್ದರಿಂದ ಎಲ್ಲರೂ ಅಲ್ಲಿಂದಲೇ ಆರಂಭಿಸುತ್ತಾರೆ. ಕಾಯುವ ಮನೆಗೆ ಆರು ಫಲಕ ಬೇಕಾದಲ್ಲಿ ತಂಪಾದ ಮನೆಗೆ ಮೂರು ಸಾಕಾದೀತು.

ಗೋಡೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಮಣ್ಣು ಅಥವಾ ಗಾರೆಯ ಹಳೆಯ ಗೋಡೆ ಉಸಿರಾಡುತ್ತದೆ. ನೆಲದಿಂದ ಹೀರಿದ ತೇವವನ್ನು ಮೈಯಿಂದ ಬಿಡುತ್ತದೆ. 'ಗಟ್ಟಿ ಇರಲಿ' ಎಂದು ಅದಕ್ಕೆ ಸಿಮೆಂಟಿನ ಗಿಲಾವು ಹಚ್ಚಿಸಿದರೆ ತೇವ ಒಳಗೇ ಸಿಕ್ಕಿಬಿದ್ದು, ಉಪ್ಪು ಅರಳಿ, ಗೋಡೆಯೊಳಗೆ ಹೂತ ಸಾಗವಾನಿಯ ತುದಿ ಕೊಳೆಯುತ್ತದೆ. ಒದ್ದೆಗೋಡೆ ಒಣಗೋಡೆಗಿಂತ ಬೇಗ ಕಾವನ್ನೂ ದಾಟಿಸುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಮದ್ದು. ಸುಣ್ಣ ಕಳಿಯಲು ಕಾಯುವ ತಾಳ್ಮೆ ಗುತ್ತಿಗೆದಾರನಿಗೆ ಇಲ್ಲದಿದ್ದರೆ ಗುತ್ತಿಗೆದಾರನನ್ನು ಬದಲಿಸುವುದು ಲೇಸು.

ಇನ್ನು ಹಣದ ಮಾತು. 1961ರಲ್ಲಿ ಪ್ರವಾಹ ಬಂದ ವರ್ಷವೇ ಆದಾಯ ತೆರಿಗೆಯ ಕಾಯಿದೆಯೂ ಬಂದಿತು. ವಾಸದ ಮನೆಯನ್ನು ಕೊಳ್ಳಲು ಅಥವಾ ಹೊಸದಾಗಿ ಕಟ್ಟಲು ತಂದ ಸಾಲದ ಬಡ್ಡಿಗೆ ಆ ಕಾಯಿದೆಯಡಿ 2014ರಿಂದ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇಟ್ಟರು. ಇದ್ದ ಮನೆಯ ದುರಸ್ತಿಗೆ ತಂದ ಸಾಲದ ಬಡ್ಡಿಗೆ 30,000 ಮಾತ್ರ. ಹಳೆಯದನ್ನು ಉಳಿಸುವವನಿಗಿಂತ ಕೆಡವುವವನ ಬೆನ್ನು ತಟ್ಟುವ ಈ ಲೆಕ್ಕವನ್ನು ಬರೆದವರು ಮನೆಯ ಆಯುಷ್ಯವನ್ನು ಯೋಚಿಸಿದಂತೆ ಕಾಣುವುದಿಲ್ಲ. ಇದರ ಮೇಲೆ ಹಕ್ಕಿನ ತೊಡಕು. ಹಿರಿಯರ ಮನೆಗೆ ಅಣ್ಣತಮ್ಮಂದಿರು ಪಾಲುದಾರರು; 2005ರ ತಿದ್ದುಪಡಿಯ ನಂತರ ಅಕ್ಕತಂಗಿಯರೂ ಸಮಾನ ಪಾಲುದಾರರು, ಅದು ನ್ಯಾಯವೇ. ಆದರೆ ಒಬ್ಬರು ಪುಣೆಯಲ್ಲಿ, ಒಬ್ಬರು ಬೆಂಗಳೂರಲ್ಲಿ, ಒಬ್ಬರು ಅಮೆರಿಕೆಯಲ್ಲಿ. ಎಲ್ಲರ ಸಹಿಯಿಲ್ಲದೆ ಅಡವಿನ ಸಾಲ ಹುಟ್ಟದು. ಮಾರಲು ಎಲ್ಲರೂ ಒಂದು ದಿನ ಕೂಡಿ ಬರುತ್ತಾರೆ, ದುರಸ್ತಿಗೆ ಕೂಡಿ ಬರುವುದಿಲ್ಲ. ಸಾಲವಿಲ್ಲದೆ, ವಂತಿಗೆ ಹಾಕಿ, ವರುಷಕ್ಕೆ ಒಂದೊಂದು ಅಂಕಣದಂತೆ ತಿದ್ದಿಸಿಕೊಂಡ ಕುಟುಂಬಗಳೇ ಈ ಕೆಲಸದಲ್ಲಿ ಮುಂದೆ ಹೋಗಿರುವುದನ್ನು ಕಂಡಿದ್ದೇವೆ.

ಊರ ಮನೆ ಮಣ್ಣಿನ ಮಾಳಿಗೆಯದಾಗಿದ್ದರೆ ಅಷ್ಟು ದಿನವೂ ಇಲ್ಲ. ಬೀಗ ಹಾಕಿದ ಮನೆಯ ಮಾಳಿಗೆಯಲ್ಲಿ ಹುಲ್ಲು ಬೆಳೆದು, ಬೇರು ಇಳಿದು, ಎರಡು ಮೂರು ಮಳೆಗಾಲಕ್ಕೆ ಜಂತಿ ಬಾಗುತ್ತದೆ. ಮೃಗಶಿರಾ ಮಳೆಗೆ ಮೊದಲು ಆ ಹುಲ್ಲು ಕೀಳಿಸಿ, ಕರಲು ಹಾಕಿಸಿ, ಹರಿನಾಳದ ಬಾಯಿ ಬಿಡಿಸಬೇಕು. ಕರಲು ಮಣ್ಣು ಯಾವ ಹಳ್ಳದ ದಂಡೆಯಲ್ಲಿ ಸಿಗುತ್ತದೆ, ಎಷ್ಟು ತೇವದಲ್ಲಿ ಬಡಿಯಬೇಕು ಎಂಬುದನ್ನು ಬಲ್ಲವರು ಹಳ್ಳಿಯಲ್ಲಿ ಈಗ ಒಬ್ಬಿಬ್ಬರು ಮುದುಕರು ಇದ್ದಾರು. ಬರುವ ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗುವವರು, ಆಸ್ತಿಯ ಮಾತು ಎತ್ತುವ ಮುಂಚೆ ಅವರನ್ನು ಮಾಳಿಗೆಗೆ ಹತ್ತಿಸಿ, ಜೊತೆಗೆ ಮಕ್ಕಳನ್ನೂ ಹತ್ತಿಸಿ, ಕೇಳಿ ಬರೆದುಕೊಂಡು ಬರಬೇಕೆಂದು ಬೇಡುತ್ತೇವೆ.